ಈಜು ಬರದವರು ಪಿಎಸ್‌ಟಿ (ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವ ತರಬೇತಿ) ಮಾಡಬಹುದಾ? (ಪ್ರತಿಕ್ರಿಯೆ)

ತಮ್ಮನಿಗೆ ಈಜು ಬರಲ್ಲ, ಹಡಗಿನ ಕೆಲಸಕ್ಕೆ ಬೇಕಾದ ಬೇಸಿಕ್ ಸೇಫ್ಟಿ ಕೋರ್ಸ್‌ನಲ್ಲಿ ಫೇಲ್ ಆಗ್ತಾನಾ ಅಂತ ಕೇಳಿದ್ದೀರಿ. ದೊಡ್ಡ ಈಜುಗಾರ ಆಗಿರಬೇಕಿಲ್ಲ. ಆದರೆ ನೀರಿನ ಭಯ ಇದ್ದರೆ ಕಷ್ಟ.

ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ ಇತ್ಯಾದಿಗೆ ಈಜು ಬೇಡ. ನೀರಿಗೆ ಇಳಿಯುವುದು ಈ ಕೋರ್ಸ್‌ನ ಪಿಎಸ್‌ಟಿ ಭಾಗದಲ್ಲಿ. ಲೈಫ್ ಜಾಕೆಟ್ ಹಾಕಿ ಎತ್ತರದಿಂದ ಹಾರಬೇಕು, ಜಾಕೆಟ್ ಸಮೇತ ಈಜಬೇಕು, ಜಾಕೆಟ್ ಇಲ್ಲದೆಯೂ ತೇಲಬೇಕು. ಹೊಸಬರು ತಡವರಿಸುವುದು ಈ ಕೊನೆಯದರಲ್ಲೇ. ಹಾರುವಾಗ ಒಂದು ಕೈ ಮೂಗು-ಬಾಯಿ ಮೇಲೆ, ಇನ್ನೊಂದು ಕೈ ಜಾಕೆಟ್ ಒತ್ತಿ ಹಿಡಿದಿರಬೇಕು. ನೋಟ ನೇರ ಮುಂದಕ್ಕೆ. ಕೆಳಗೆ ಬಗ್ಗಿ ನೋಡಿದರೆ ಮೈ ವಾಲಿ ಮುಖ ನೀರಿಗೆ ಬಡಿಯುತ್ತೆ.

ಮಗುಚಿದ ಲೈಫ್ ರಾಫ್ಟ್ (ಗ್ಯಾಸ್ ತುಂಬಿ ಉಬ್ಬಿಸುವ ರಕ್ಷಣಾ ತೆಪ್ಪ) ನೆಟ್ಟಗೆ ಮಾಡೋದೂ ಇದೆ. ಗ್ಯಾಸ್ ಸಿಲಿಂಡರ್ ಇರುವ ಬದಿಯಲ್ಲೇ ನಿಂತು, ತಳದ ಪಟ್ಟಿ ಹಿಡಿದು ಹಿಂದಕ್ಕೆ ಜಗ್ಗಬೇಕು. ಎದುರು ಬದಿಯಿಂದ ಎಳೆದರೆ ಸಿಲಿಂಡರ್ ತಲೆ ಮೇಲೇ ಬರುತ್ತೆ. ರಾಫ್ಟ್ ಮೈಮೇಲೆ ಬಿದ್ದರೆ ಗಾಬರಿ ಬೇಡ, ಅಂಗಾತ ಇದ್ದುಕೊಂಡೇ ಕೈಯಲ್ಲಿ ತಳ್ಳುತ್ತಾ ಹೊರಬರಬೇಕು.

ಮೊದಲೇ ಊರಿನ ಈಜುಕೊಳಕ್ಕೆ ಕಳಿಸಿ, ತೇಲೋದು ಕಲಿಯಲಿ. ಕೆರೆ-ಹೊಳೆಯಲ್ಲಿ ಒಬ್ಬನೇ ಅಭ್ಯಾಸ ಮಾಡೋದು ಬೇಡವೇ ಬೇಡ.

ಹಾಜರಾಗದೆ ಸರ್ಟಿಫಿಕೇಟ್ ಕೊಡಿಸ್ತೀನಿ ಎನ್ನುವ ಏಜೆಂಟ್ ಸಿಕ್ಕರೆ ಅಲ್ಲೇ ಕೈಮುಗಿದು ಬನ್ನಿ. ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ನಿರ್ದೇಶನಾಲಯ) ಮಾನ್ಯತೆ ಇರುವ ಸಂಸ್ಥೆ ಮಾತ್ರ ನೋಡಿ. ಪಿಎಸ್‌ಟಿ ಮತ್ತು ಬೆಂಕಿ ತರಬೇತಿಗೆ 5 ವರ್ಷಕ್ಕೊಮ್ಮೆ ರಿಫ್ರೆಶರ್ ಇರುತ್ತೆ, ಆ ಖರ್ಚನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.