ಬ್ರೋಫೋರ್ಸ್: ಆಡಿದವರು ಕೇಳಿದ್ದು, ನಾನು ಹೇಳಿದ್ದು

ಹೋದ ತಿಂಗಳು ಈ ಅಂಕಣದಲ್ಲಿ, ‘ಬ್ರೋಫೋರ್ಸ್’ ಗೇಮ್ ಆಡಿದವರು ನಿಮಗೆ ಅನಿಸಿದ್ದನ್ನು ಬರೆದು ಕಳಿಸಿ, ಅನುಮಾನ ಇದ್ದರೆ ಕೇಳಿ ಎಂದಿದ್ದೆ. ಪತ್ರಗಳು ಬಂದಿವೆ. ಹೊಗಳಿದವರೂ ಇದ್ದಾರೆ, ಬೈದವರೂ ಇದ್ದಾರೆ. ಆಡದೇ ಇರುವವರಿಗಾಗಿ ಮೊದಲು ಎರಡು ಮಾತು. ಇದು ಪಕ್ಕದಿಂದ ನೋಡುತ್ತಾ ಆಡುವ, ಓಡಿ ಹಾರಿ ಗುಂಡು ಹೊಡೆಯುವ ಗೇಮ್. ಚಿತ್ರವೆಲ್ಲ ಹಳೇ ಕಾಲದ ವಿಡಿಯೋ ಗೇಮಿನ ಹಾಗೆ ದಪ್ಪ ದಪ್ಪ ಪಿಕ್ಸೆಲ್. ಹೀರೊಗಳೆಲ್ಲ ಹೆಚ್ಚಾಗಿ 80, 90ರ ದಶಕದ ಹಾಲಿವುಡ್ ಹೊಡೆದಾಟದ ಸಿನಿಮಾ ಹೀರೊಗಳ ನಕಲು, ಹೆಸರಿನಲ್ಲಿ ಎಲ್ಲಾದರೂ ಒಂದು ‘ಬ್ರೋ’ ಸೇರಿಕೊಂಡಿರುತ್ತದೆ: ರ‍್ಯಾಂಬ್ರೋ, ಬ್ರೊಮಾಂಡೊ, ಇಂಡಿಯಾನಾ ಬ್ರೋನ್ಸ್. ಮಾಡಿದ್ದು ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನ ಫ್ರೀ ಲೈವ್ಸ್ ತಂಡ. ಡಿವಾಲ್ವರ್ ಡಿಜಿಟಲ್ ಹೊರತಂದಿತು. ಪೂರ್ತಿ ಆವೃತ್ತಿ ಬಂದಿದ್ದು 2015ರ ಅಕ್ಟೋಬರ್‌ನಲ್ಲಿ.

ಪ್ರಶ್ನೆ: ಚಿಕ್ಕವನಿದ್ದಾಗ ಟಿವಿಗೆ ಹಾಕುವ ವಿಡಿಯೋ ಗೇಮಿನಲ್ಲಿ ಅಣ್ಣನ ಜೊತೆ ಕಾಂಟ್ರಾ ಆಡಿದವನು ನಾನು. ಬ್ರೋಫೋರ್ಸ್ ಅಂದರೆ ಹೊಸ ಕಾಂಟ್ರಾ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ತಗೊಂಡೆ. ಅರ್ಧ ಗಂಟೆ ಆಡಿದೆ. ಇದರಲ್ಲಿ ಕಾಂಟ್ರಾ ಎಲ್ಲಿದೆ ಸರ್? ನನಗಂತೂ ಬರೀ ಗಲಾಟೆ ಕಾಣಿಸಿತು. (ಹಾಸನದಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ಬೇಸರ ನನಗೆ ಅರ್ಥ ಆಗುತ್ತದೆ. ಕ್ಯಾಸೆಟ್ ತೆಗೆದು, ಉಫ್ ಅಂತ ಊದಿ, ಮತ್ತೆ ಒತ್ತಿ ಆಡಿದ ತಲೆಮಾರು ನಮ್ಮದು. ಕಾಂಟ್ರಾದಲ್ಲಿ ಎಲ್ಲವೂ ಬಾಯಿಪಾಠ. ಯಾವ ಮರದ ಹಿಂದಿನಿಂದ ಯಾವಾಗ ಸೈನಿಕ ಬರುತ್ತಾನೆ, ಒಂದೇ ಸಲ ಹಲವು ಕಡೆ ಗುಂಡು ಹಾರಿಸುವ ಸ್ಪ್ರೆಡ್ ಗನ್ ಎಲ್ಲಿ ಸಿಗುತ್ತದೆ, ಸೇತುವೆ ಯಾವಾಗ ಸಿಡಿಯುತ್ತದೆ, ಎಲ್ಲ ಗೊತ್ತು. ಪ್ರತಿ ಸಲ ಅದೇ ದಾರಿ. ಅಲ್ಲಿ ಗೆಲ್ಲುವುದು ಅಂದರೆ ದಾರಿ ಕಲಿಯುವುದು.

ಬ್ರೋಫೋರ್ಸ್‌ನಲ್ಲಿ ದಾರಿಯೇ ನಿಲ್ಲುವುದಿಲ್ಲ. ನೆಲ, ಗೋಡೆ, ಬಂಡೆ, ಸೇತುವೆ, ಹೆಚ್ಚುಕಡಿಮೆ ಎಲ್ಲವೂ ಗುಂಡಿಗೆ ಪುಡಿಯಾಗುತ್ತವೆ. ಎದುರು ಬಂಕರ್ ಇದ್ದರೆ ಬಾಗಿಲಿಗೇ ಹೋಗಬೇಕು ಅಂತಿಲ್ಲ, ಕೆಳಗೆ ಕೊರೆದುಕೊಂಡು ಹೋಗಿ ಅವರ ಕಾಲ ಬುಡದಲ್ಲೇ ಏಳಬಹುದು, ಮೇಲಿನ ಚಾವಣಿ ಒಡೆದು ತಲೆ ಮೇಲೆ ಬೀಳಿಸಬಹುದು, ಅಥವಾ ಒಂದು ಗ್ಯಾಸ್ ಸಿಲಿಂಡರ್‌ಗೆ ಗುಂಡು ಹೊಡೆದು ಅದು ರಾಕೆಟ್ ಥರ ಹಾರಿಹೋಗಿ ಏನು ಮಾಡುತ್ತದೋ ನೋಡಿಕೊಂಡು ಆಮೇಲೆ ಮುಂದಿನದು ಯೋಚಿಸಬಹುದು. ನಿಮಗೆ ಗಲಾಟೆ ಅನಿಸಿದ್ದು ಇದೇ. ಅರ್ಧ ಗಂಟೆಯಲ್ಲಿ ಅದು ಗಲಾಟೆಯೇ. ಮೂರು ಗಂಟೆ ಆದ ಮೇಲೆ, ಯಾವ ಕಲ್ಲು ತೆಗೆದರೆ ಯಾವುದು ಉರುಳುತ್ತದೆ ಅಂತ ಕಣ್ಣಿಗೆ ಕಾಣಲು ಶುರುವಾಗುತ್ತದೆ.

ಇನ್ನೊಂದು ದೊಡ್ಡ ವ್ಯತ್ಯಾಸ. ಕಾಂಟ್ರಾದಲ್ಲಿ ಬಂದೂಕು ಬದಲಾಗುತ್ತದೆ, ಇಲ್ಲಿ ಆಳೇ ಬದಲಾಗುತ್ತಾನೆ. ಪಂಜರದಲ್ಲಿ ಕೂಡಿಹಾಕಿದ ಒಬ್ಬ ಕೈದಿಯನ್ನು ಬಿಡಿಸಿದ ಕೂಡಲೇ ನಿಮಗೆ ಒಂದು ಲೈಫ್ ಜಾಸ್ತಿ ಸಿಗುತ್ತದೆ, ಆದರೆ ಅದೇ ಕ್ಷಣ ನೀವು ಬೇರೆ ಹೀರೊ ಆಗಿಬಿಡುತ್ತೀರಿ. ಯಾರು ಬರುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ. ಈಗಷ್ಟೇ ರಾಕೆಟ್ ಹೊಡೆಯುತ್ತಿದ್ದವರ ಕೈಗೆ ಚಾಟಿ ಬರಬಹುದು. ಹಾಗಾಗಿ ಪ್ರತಿ ಪಂಜರದ ಮುಂದೆ ಒಂದು ಸಣ್ಣ ಲೆಕ್ಕಾಚಾರ: ಈಗಿರುವ ಆಳು ಚೆನ್ನಾಗಿದ್ದಾನೆ, ಇವನನ್ನು ಬಿಟ್ಟು ಲೈಫ್ ತಗೊಳ್ಳಲಾ, ಬೇಡವಾ? ನನ್ನ ಮಟ್ಟಿಗೆ ಈ ಗೇಮಿನಲ್ಲಿ ಅತಿ ಜಾಣತನದ ಯೋಚನೆ ಇದೇ.

ಆದರೆ ಕಾಂಟ್ರಾದ ಒಂದು ಗುಣ ಪೂರ್ತಿ ಉಳಿದಿದೆ. ಒಂದೇ ಏಟಿಗೆ ಸಾವು. ಮತ್ತೆ, ಪಕ್ಕದಲ್ಲಿ ಅಣ್ಣ ಕೂತಿರಬೇಕು. ನೀವು ಒಬ್ಬರೇ ಆಡಿದ್ದೀರಿ ಅನಿಸುತ್ತದೆ. ಅಣ್ಣನನ್ನು ಕರೆದು ಇನ್ನೊಮ್ಮೆ ಆಡಿ ಬರೆಯಿರಿ.

ಪ್ರಶ್ನೆ: ಹಾಸ್ಟೆಲಿನಲ್ಲಿ ನಾವು ನಾಲ್ಕು ಜನ ಒಟ್ಟಿಗೆ ಆಡುತ್ತೇವೆ. ಪ್ರತಿ ಸಲ ಜಗಳದಲ್ಲೇ ಮುಗಿಯುತ್ತದೆ. ಒಬ್ಬ ರಾಕೆಟ್ ಬಿಟ್ಟು ಮೂವರು ನಿಂತಿದ್ದ ನೆಲವನ್ನೇ ಹಾರಿಸುತ್ತಾನೆ. ಇದು ಗೇಮ್ ಮಾಡಿದವರ ತಪ್ಪಲ್ವಾ? (ಮೈಸೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಅಲ್ಲ. ನಗು ಹುಟ್ಟುವ ಜಾಗವೇ ಅದು. ಈ ತಿಂಗಳು ಬಂದ ಪತ್ರಗಳಲ್ಲಿ ಈ ಗೇಮ್ ನಗಿಸುತ್ತದೆ ಅಂತ ಬರೆದವರು ಹೇಳಿದ ಘಟನೆಗಳನ್ನೆಲ್ಲ ಜೋಡಿಸಿ ನೋಡಿದೆ. ಹೆಸರಿನ ತಮಾಷೆ ಬಗ್ಗೆ ಬರೆದವರು ಕಡಿಮೆ. ‘ನಾನು ಬಾಸ್ (ಲೆವೆಲ್ಲಿನ ಕೊನೆಗೆ ಬರುವ ದೊಡ್ಡ ಶತ್ರು) ಸಾಯಿಸಿ ಹೆಲಿಕಾಪ್ಟರಿನ ಹಗ್ಗದ ಏಣಿ ಹಿಡಿಯಲು ಹೋಗುವಾಗ ತಮ್ಮ ಸಿಡಿಸಿದ ಡ್ರಮ್ ನನ್ನನ್ನೂ ಸುಟ್ಟಿತು’ ಎನ್ನುವಂಥ ಕಥೆಗಳೇ ಜಾಸ್ತಿ. ಯಾರೂ ಬರೆದು ಇಟ್ಟ ಜೋಕ್ ಅಲ್ಲ ಅದು. ನಾಲ್ಕು ಜನರ ಆತುರ, ಪುಡಿಯಾಗುವ ನೆಲ, ಸಿಡಿಯುವ ಡ್ರಮ್, ಈ ಮೂರು ಸೇರಿ ಅಲ್ಲೇ, ಆ ಕ್ಷಣದಲ್ಲೇ ಆಗಿದ್ದು. ಇನ್ನೊಬ್ಬರಿಗೆ ಹಾಗೇ ಆಗುವುದಿಲ್ಲ.

ಜಗಳ ಕಡಿಮೆ ಮಾಡಲು ಒಂದು ಉಪಾಯ ಇದೆ. ಸತ್ತ ಗೆಳೆಯನನ್ನು ವಾಪಸ್ ತರುವುದಕ್ಕೂ ಪಂಜರದ ಕೈದಿಯೇ ಬೇಕು, ಅದನ್ನು ಮರೆಯಬೇಡಿ. ಒಬ್ಬ ಸತ್ತಿದ್ದರೆ ಮುಂದೆ ಓಡುವುದನ್ನು ನಿಲ್ಲಿಸಿ, ಮೊದಲು ಹತ್ತಿರದ ಪಂಜರ ಒಡೆಯಿರಿ. ಹಾಗೆ ಮಾಡುವ ಗುಂಪು, ಸುಮ್ನೆ ಮುಂದೆ ನುಗ್ಗುವ ಗುಂಪಿಗಿಂತ ಬಹಳ ದೂರ ಹೋಗುತ್ತದೆ. ರಾಕೆಟ್ ಇರುವ ಹೀರೊ ಸಿಕ್ಕವನು ಮುಂದೆ ಇರಲಿ. ಹಿಂದಿನಿಂದ ರಾಕೆಟ್ ಬಿಟ್ಟರೆ ಮುಂದಿನವರ ಗತಿ ನೀವೇ ನೋಡಿದ್ದೀರಿ.

ಪ್ರಶ್ನೆ: ಮಗನಿಗೆ ಹನ್ನೊಂದು ವರ್ಷ. ಅಣ್ಣನ ಮಗ ರಜೆಗೆ ಬಂದಾಗ ಈ ಗೇಮ್ ಹಾಕಿಕೊಟ್ಟು ಹೋದ. ಕಾರ್ಟೂನ್ ಥರ ಇದೆ, ಏನೂ ಆಗಲ್ಲ ಅತ್ತೆ ಅಂತಾನೆ. ಆಡಲು ಬಿಡಲೇ? (ಶಿವಮೊಗ್ಗದಿಂದ ಒಬ್ಬ ತಾಯಿ)

ಉತ್ತರ: ಬೇಡ, ಇನ್ನೂ ಕೆಲವು ವರ್ಷ ಕಾಯಿರಿ. ಪಿಕ್ಸೆಲ್ ದಪ್ಪ ಇದೆ ಅಂದ ಮಾತ್ರಕ್ಕೆ ಮಕ್ಕಳ ಗೇಮ್ ಅಲ್ಲ. ಮೈ ಚೂರುಚೂರಾಗಿ ಸಿಡಿಯುತ್ತದೆ, ಗೋಡೆಗೆಲ್ಲ ರಕ್ತ ಅಂಟುತ್ತದೆ, ಮೈಗೆ ಬಾಂಬ್ ಕಟ್ಟಿಕೊಂಡು ಕಿರುಚುತ್ತಾ ಓಡಿಬರುವ ಶತ್ರುಗಳಿದ್ದಾರೆ. ದೊಡ್ಡವರಿಗೆ ಅದು ಸಿನಿಮಾದ ಅತಿರೇಕದ ಅಣಕ ಅಂತ ತಿಳಿಯುತ್ತದೆ. ಆ ಸಿನಿಮಾಗಳನ್ನೇ ನೋಡದ ಮಗುವಿಗೆ ಅಣಕ ಯಾವುದು, ನಿಜ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಬದಲಿಗೆ ‘ಕಪ್‌ಹೆಡ್’ ನೋಡಿ. ಕೆನಡಾದ ಸ್ಟುಡಿಯೋ ಎಂಡಿಎಚ್ಆರ್ 2017ರಲ್ಲಿ ತಂದ ಗೇಮ್. 1930ರ ಕಾಲದ ಕಾರ್ಟೂನಿನ ಹಾಗೆ ಚಿತ್ರಗಳನ್ನು ಕೈಯಲ್ಲೇ ಬಿಡಿಸಿದ್ದಾರೆ. ಅಮೆರಿಕದಲ್ಲಿ ಅದಕ್ಕೆ ಹತ್ತು ವರ್ಷ ಮೇಲ್ಪಟ್ಟವರಿಗೆ ಎಂಬ ರೇಟಿಂಗ್ ಕೊಟ್ಟಿದ್ದಾರೆ. ಅದರಲ್ಲೂ ಓಡಿ ಹಾರಿ ಗುಂಡು ಹೊಡೆಯುವುದೇ, ಆದರೆ ಬೆರಳ ತುದಿಯಿಂದ ಹಾರುವ ಗುಂಡು, ಎದುರಿಗೆ ಮುನಿಸಿಕೊಂಡ ಆಲೂಗಡ್ಡೆ, ಕ್ಯಾರೆಟ್. ಕಷ್ಟ ಮಾತ್ರ ಜಾಸ್ತಿ ಇದೆ. ಇಬ್ಬರು ಆಡಬಹುದು, ನೀವೂ ಕೂತುಕೊಳ್ಳಿ.

ಪ್ರಶ್ನೆ: ಮೊದಲ ಎರಡು ತಾಸು ಬಿದ್ದು ಬಿದ್ದು ನಕ್ಕೆ. ಆಮೇಲೆ ಎಲ್ಲದಕ್ಕೂ ‘ಬ್ರೋ’ ಸೇರಿಸೋದು ಬೇಜಾರಾಯಿತು. ಒಂದೇ ಜೋಕ್ ಎಷ್ಟು ಸಲ? (ಹುಬ್ಬಳ್ಳಿಯಿಂದ ಒಬ್ಬರು)

ಉತ್ತರ: ಒಪ್ಪುತ್ತೇನೆ. ಹೆಸರಿನ ಜೋಕ್ ಬೇಗ ಹಳಸುತ್ತದೆ. ಮೂವತ್ತಕ್ಕೂ ಹೆಚ್ಚು ಹೀರೊಗಳಿದ್ದಾರೆ, ಮೂವತ್ತು ಸಲವೂ ನಗಲು ಆಗುವುದಿಲ್ಲ. ಆದರೆ ಆ ಮೂವತ್ತು ಜನರೂ ಬೇರೆ ಬೇರೆ ಥರ ಆಡುತ್ತಾರೆ ಅನ್ನುವುದನ್ನು ಗಮನಿಸಿ. ರ‍್ಯಾಂಬ್ರೋ ಮೆಷಿನ್ ಗನ್ ಹಿಡಿದವನು, ದೂರದಿಂದ ಸುರಿಸುತ್ತಾನೆ. ಬ್ರೇಡ್ ಕತ್ತಿ ಹಿಡಿದವನು, ಹತ್ತಿರ ಹೋಗಲೇಬೇಕು. ಮ್ಯಾಕ್‌ಬ್ರೋವರ್ ಎಸೆಯುವುದು ಡೈನಮೈಟ್ ಕಡ್ಡಿ, ಅದು ಎಲ್ಲಿ ಬಿದ್ದು ಯಾವಾಗ ಸಿಡಿಯುತ್ತದೆ ಅಂತ ಅಂದಾಜು ಇರಬೇಕು. ಕೆಲವರು ನಿಜಕ್ಕೂ ದುರ್ಬಲ, ಅವರು ಬಂದಾಗ ಆಟಗಾರರು ಬೈಯುತ್ತಾರೆ. ಆ ಅಸಮತೋಲನ ಸರಿಯಿಲ್ಲ ಅಂತ ನಾಲ್ಕೈದು ಓದುಗರು ಬರೆದಿದ್ದಾರೆ. ನನಗೆ ಹಾಗನಿಸಲಿಲ್ಲ. ಕೈಯಲ್ಲಿ ಕೆಟ್ಟ ಆಯುಧ ಇದ್ದಾಗಲೇ ನಾನು ನೆಲ ಕೊರೆಯುವುದನ್ನು ಕಲಿತೆ.

ನೀವು ಎಲ್ಲಿಗೆ ನಿಲ್ಲಿಸಿದಿರಿ ಅಂತ ಬರೆದಿಲ್ಲ. ಮುಂದೆ ಹೋದರೆ ಸೈನಿಕರ ಜಾಗಕ್ಕೆ ಅನ್ಯಗ್ರಹದ ಜೀವಿಗಳು ಬರುತ್ತವೆ, ಕೊನೆಗೆ ನರಕಕ್ಕೇ ಇಳಿಯಬೇಕಾಗುತ್ತದೆ. ಅಲ್ಲಿಂದ ಆಟದ ರೀತಿಯೇ ಬಿಗಿಯಾಗುತ್ತದೆ. ಅದೂ ಸಾಕಾದರೆ ‘ಐರನ್‌ಬ್ರೋ’ ಅಂತ ಒಂದು ಬಗೆ ಇದೆ, ಅದರಲ್ಲಿ ಸತ್ತ ಹೀರೊ ಮತ್ತೆ ಬರುವುದೇ ಇಲ್ಲ. ಆಗ ಜೋಕ್ ನೆನಪಿಗೂ ಬರುವುದಿಲ್ಲ, ಮೈಯೆಲ್ಲ ಕಣ್ಣಾಗಿ ಆಡುತ್ತೀರಿ.

ಪ್ರಶ್ನೆ: ಅಮೆರಿಕದ ಬಾವುಟ ನೆಡುತ್ತಾ, ಬೇರೆ ದೇಶಗಳಿಗೆ ಹೋಗಿ ಎಲ್ಲವನ್ನೂ ಸುಟ್ಟು ‘ಬಿಡುಗಡೆ’ ಮಾಡಿದೆವು ಅನ್ನುವುದರಲ್ಲಿ ತಮಾಷೆ ಏನಿದೆ? ನನಗೆ ಕಸಿವಿಸಿ ಆಯಿತು. (ಮಂಗಳೂರಿನ ಒಬ್ಬ ಉಪನ್ಯಾಸಕಿ)

ಉತ್ತರ: ಒಳ್ಳೆಯ ಪ್ರಶ್ನೆ, ಇದನ್ನು ಬೇರೆ ಯಾರೂ ಕೇಳಲಿಲ್ಲ. ಗೇಮ್ ಮಾಡಿದವರು ಅಮೆರಿಕದವರಲ್ಲ ಅನ್ನುವುದು ಇಲ್ಲಿ ಮುಖ್ಯ. ಕೇಪ್ ಟೌನ್‌ನಲ್ಲಿ ಕೂತು, ದೂರದಿಂದ ಆ ಸಿನಿಮಾಗಳನ್ನು ನೋಡುತ್ತಾ ಬೆಳೆದವರು ಮಾಡಿದ ಅಣಕ ಇದು. ಲೆವೆಲ್ ಮುಗಿದಾಗ ಏನಾಗುತ್ತದೆ ನೋಡಿ: ಹೀರೊ ಹೆಲಿಕಾಪ್ಟರ್ ಹಿಡಿದು ಹೊರಡುತ್ತಾನೆ, ಹಿಂದೆ ಆ ಜಾಗವೇ ಸ್ಫೋಟಿಸುತ್ತದೆ, ಊರು ಬಿಡುಗಡೆ ಆಯಿತು ಅಂತ ಘೋಷಣೆ. ಬಿಡುಗಡೆ ಆಗಲು ಊರೇ ಉಳಿದಿಲ್ಲ. ಇದಕ್ಕಿಂತ ನೇರವಾಗಿ ಹೇಳಲು ಸಾಧ್ಯವಿಲ್ಲ ಅನಿಸುತ್ತದೆ ನನಗೆ.

ಆದರೂ ನಿಮ್ಮ ಕಸಿವಿಸಿ ತಪ್ಪಲ್ಲ. ಅಣಕ ಮಾಡುವವರಿಗೆ ಆ ಸಿನಿಮಾಗಳ ಮೇಲೆ ಪ್ರೀತಿಯೂ ಇದೆ, ಅದು ಪ್ರತಿ ಹೀರೊನ ಚಲನೆಯಲ್ಲಿ ಕಾಣುತ್ತದೆ. ಎದುರಿನ ಸೈನಿಕರಿಗೆ ಹೆಸರಿಲ್ಲ, ಊರಿನ ಜನರ ಕಥೆಯಂತೂ ಇಲ್ಲವೇ ಇಲ್ಲ. 2014ರಲ್ಲಿ ‘ದಿ ಎಕ್ಸ್‌ಪೆಂಡಬಲ್ಸ್ 3’ ಸಿನಿಮಾ ಬಂದಾಗ ಅದರ ಪ್ರಚಾರಕ್ಕೆ ಇದೇ ತಂಡ ‘ದಿ ಎಕ್ಸ್‌ಪೆಂಡಬ್ರೋಸ್’ ಅಂತ ಉಚಿತ ಗೇಮ್ ಮಾಡಿಕೊಟ್ಟಿತು. ಯಾವುದನ್ನು ಅಣಕಿಸುತ್ತಿದ್ದರೋ ಅದರ ಜೊತೆಗೇ ಕೈ ಸೇರಿಸಿದ ಹಾಗಾಯಿತು. ಆ ಒಂದು ಕೆಲಸ ನನಗೂ ಹಿಡಿಸಲಿಲ್ಲ.

ಪ್ರಶ್ನೆ: ನಾನು ಶಾರ್ಜಾದಲ್ಲಿ, ತಮ್ಮ ತುಮಕೂರಿನಲ್ಲಿ. ಇಬ್ಬರೂ ಒಟ್ಟಿಗೆ ಆಡಲು ಆಗುತ್ತದಾ? ಇಬ್ಬರೂ ದುಡ್ಡು ಕೊಡಬೇಕಾ?

ಉತ್ತರ: ಆಗುತ್ತದೆ. ಇಬ್ಬರೂ ಕೊಂಡರೆ ಗೇಮಿನ ಒಳಗೇ ಆನ್‌ಲೈನ್ ಆಟ ಇದೆ. ಒಬ್ಬರೇ ಕೊಂಡರೂ ಕಂಪ್ಯೂಟರ್ ಗೇಮ್ ಮಾರುವ ‘ಸ್ಟೀಮ್’ ಎಂಬ ಆನ್‌ಲೈನ್ ಅಂಗಡಿಯಲ್ಲಿ ‘ರಿಮೋಟ್ ಪ್ಲೇ ಟುಗೆದರ್’ ಅಂತ ಒಂದು ಸೌಲಭ್ಯ ಇದೆ, 2019ರಲ್ಲಿ ಬಂದಿದ್ದು. ಒಬ್ಬರ ಕಂಪ್ಯೂಟರಿನಲ್ಲಿ ಗೇಮ್ ನಡೆಯುತ್ತದೆ, ಇನ್ನೊಬ್ಬರಿಗೆ ಅದರ ವಿಡಿಯೋ ಹೋಗುತ್ತದೆ. ಯಾರ ಇಂಟರ್ನೆಟ್ಟಿನ ಅಪ್‌ಲೋಡ್ ವೇಗ ಜಾಸ್ತಿ ಇದೆಯೋ ಅವರೇ ಗೇಮ್ ನಡೆಸಲಿ. ಇಷ್ಟು ದೂರಕ್ಕೆ ಬಟನ್ ಒತ್ತಿದ್ದು ಒಂಚೂರು ತಡವಾಗಿ ತಲುಪುತ್ತದೆ. ಒಂದೇ ಏಟಿಗೆ ಸಾಯುವ ಗೇಮಿನಲ್ಲಿ ಅದು ಗೊತ್ತಾಗುತ್ತದೆ. ಆದ್ದರಿಂದ ನಿಧಾನಕ್ಕೆ ಆಡಿ, ಫೋನಿನಲ್ಲಿ ಮಾತಾಡುತ್ತಾ ಆಡಿ.

ಪ್ರಶ್ನೆ: ಪ್ಲೇಸ್ಟೇಷನ್ ಒಳ್ಳೆಯದೋ, ಕಂಪ್ಯೂಟರೋ? (ಬಳ್ಳಾರಿ)

ಉತ್ತರ: ಕಂಪ್ಯೂಟರ್. 2016ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಬಂದ ಹೊಸದರಲ್ಲಿ ಸ್ಫೋಟ ಜಾಸ್ತಿಯಾದಾಗ ಆಟ ನಿಧಾನವಾಗುತ್ತದೆ ಎಂದು ವಿಮರ್ಶಕರು ದೂರಿದ್ದರು. ಜೊತೆಗೆ ಎರಡು ಕಂಟ್ರೋಲರ್ ಇಟ್ಟುಕೊಳ್ಳಿ, ಕೀಬೋರ್ಡಿನಲ್ಲಿ ಇಬ್ಬರು ಕೈ ಇಟ್ಟರೆ ಮೊಣಕೈ ಗುದ್ದಾಟ ಶುರುವಾಗುತ್ತದೆ.

ಪ್ರಶ್ನೆ: ಪೂರ್ತಿ ಮುಗಿಸಿದೆ, 2023ರಲ್ಲಿ ಬಂದ ‘ಬ್ರೋಫೋರ್ಸ್ ಫಾರೆವರ್’ ಅಪ್‌ಡೇಟ್ ಕೂಡ ಆಡಿಯಾಯಿತು. ಇದೇ ಥರ ನಗಿಸುವ ಇನ್ನೊಂದು ಹೇಳಿ. (ಕಲಬುರಗಿಯ ಪದವಿ ವಿದ್ಯಾರ್ಥಿ)

ಉತ್ತರ: ಹಿಂದಕ್ಕೆ ಹೋಗಿ, ‘ಮೆಟಲ್ ಸ್ಲಗ್’ ಆಡಿ. ಜಪಾನಿನಲ್ಲಿ 1996ರಲ್ಲಿ ಬಂದಿದ್ದು, ಮೊದಲು ಕಾಸು ಹಾಕಿ ಆಡುವ ಆರ್ಕೇಡ್ ಯಂತ್ರಗಳಿಗೆ. ಬ್ರೋಫೋರ್ಸ್ ಗದ್ದಲದಿಂದ ನಗಿಸಿದರೆ ಇದು ಸಣ್ಣ ಸಣ್ಣ ಚಿತ್ರಗಳಿಂದ ನಗಿಸುತ್ತದೆ. ನಿಮ್ಮನ್ನು ಕಂಡ ಕೂಡಲೇ ಶತ್ರು ಸೈನಿಕರು ಕೈ ಮೇಲೆತ್ತಿ ಕಿರುಚಿಕೊಂಡು ಓಡುತ್ತಾರೆ. ನೀವು ಸತ್ತರೆ ನಿಂತು ನಗುತ್ತಾರೆ. ಮೊದಲ ಸಲ ಆಡುವಾಗ ಬೇಗ ಬೇಗ ಮುಂದೆ ಹೋಗಬೇಡಿ, ಪರದೆಯ ಅಂಚಿನಲ್ಲಿ ನಿಂತು ಅವರು ಏನು ಮಾಡುತ್ತಿದ್ದಾರೆ ಅಂತ ನೋಡಿ.

ಅಲ್ಲೂ ಕೈದಿಗಳಿದ್ದಾರೆ. ಉದ್ದ ಗಡ್ಡ, ಮೈಮೇಲೆ ಚಡ್ಡಿ ಬಿಟ್ಟರೆ ಏನೂ ಇಲ್ಲ. ಹಗ್ಗ ಬಿಚ್ಚಿದರೆ ಚಡ್ಡಿಯ ಒಳಗಿಂದಲೇ ಒಂದು ಹೊಸ ಬಂದೂಕು ತೆಗೆದುಕೊಟ್ಟು, ಸೆಲ್ಯೂಟ್ ಹೊಡೆದು ಓಡಿಹೋಗುತ್ತಾರೆ.