ಜರ್ಮನಿಯ ನಗರಾಡಳಿತದಲ್ಲಿ ಹಣಕಾಸಿನ ನೌಕರಿ, ಅದೇ ಊರಲ್ಲಿ ಚುನಾವಣೆ: ನಿಲ್ಲಬಹುದು, ಕೂರುವಂತಿಲ್ಲ

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಹಳೇ ಗಾಯ ಕೆರೆದ ಹಾಗಾಯಿತು. ಹಣಕಾಸು ವಿಭಾಗದಲ್ಲಿದ್ದೀರಿ, ಮುಂದೆ ಕೆಮರರ್, ಅಂದರೆ ಊರಿನ ಖಜಾನೆ ಮುಖ್ಯಸ್ಥ ಆಗಬೇಕು, ಅದಕ್ಕೆ ಈಗಲೇ ಪಕ್ಷ ಸೇರಿ ನಗರ ಕೌನ್ಸಿಲ್‌ಗೆ ನಿಲ್ಲಲಾ ಅಂತ ಕೇಳಿದ್ದೀರಿ. 2020ರಲ್ಲಿ ನಾನು ಇದನ್ನೇ ಮಾಡಿದೆ.

ನಾನು ದಾವಣಗೆರೆಯವನು. ಬಿ.ಕಾಂ. ಮುಗಿಸಿ ಇಲ್ಲಿಗೆ ಓದಲು ಬಂದು, ರೂರ್ ಪ್ರದೇಶದ ಒಂದು ಊರಿನ ಖಜಾನೆ ವಿಭಾಗ ಸೇರಿದೆ. ವ್ಯಾಪಾರ ತೆರಿಗೆಯ ಲೆಕ್ಕ ನನ್ನ ಪಾಲಿಗಿತ್ತು. ಕಂಪನಿಯ ತೆರಿಗೆಗೆ ಬರುವ ಲಾಭದ 3.5 ಶೇಕಡಾ ತೆಗೆದು, ಅದನ್ನು ಕೌನ್ಸಿಲ್ ನಿಗದಿ ಮಾಡಿದ ದರದಿಂದ ಗುಣಿಸಬೇಕು. ಲಾಭ 1 ಲಕ್ಷ ಯೂರೋ, ದರ 480 ಶೇಕಡಾ ಅಂದ್ರೆ ಊರಿಗೆ 16,800 ಯೂರೋ. ಆ ದರಕ್ಕೆ ಕೈ ಎತ್ತುವವರ ಸಾಲಲ್ಲಿ ನಾನೂ ಕೂತಿದ್ದರೆ ಅನ್ನಿಸತೊಡಗಿತು. 2019ರಲ್ಲಿ ಜರ್ಮನ್ ಪೌರತ್ವ ಸಿಕ್ಕಿತು, ಭಾರತದ ಪಾಸ್‌ಪೋರ್ಟ್ ಒಪ್ಪಿಸಿದೆ, ಪಕ್ಷ ಸೇರಿದೆ. ಪಕ್ಷದ ಅಭ್ಯರ್ಥಿಗಳ ಪಟ್ಟಿಯಲ್ಲಿ ಜಾಗವೂ ಸಿಕ್ಕಿತು. 2020ರ ಸೆಪ್ಟೆಂಬರ್ 13ರಂದು ಗೆದ್ದೆ! ಅಮ್ಮ ಊರಲ್ಲಿ ಬೀದಿಗೆಲ್ಲ ಪೇಡ ಹಂಚಿದರು.

ಗೆದ್ದ ಮೇಲೆ ಗೊತ್ತಾಯಿತು, ನಾನು ಅಲ್ಲಿ ಕೂರುವ ಹಾಗಿಲ್ಲ.

ಇದನ್ನು ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಾನು ಎಡವಿದ್ದು ಇಲ್ಲೇ. ನಾನು ನೋಡಿದ್ದು ಯಾರು ನಿಲ್ಲಬಹುದು ಅನ್ನೋ ನಿಯಮ ಮಾತ್ರ. ಜರ್ಮನ್ ಅಥವಾ ಯುರೋಪಿಯನ್ ಒಕ್ಕೂಟದ ಪ್ರಜೆಯಾಗಿರಬೇಕು, 18 ತುಂಬಿರಬೇಕು, ಆ ಊರಲ್ಲೇ ವಾಸವಿರಬೇಕು. ಎಲ್ಲ ಸರಿಯಿತ್ತು, ಪುಸ್ತಕ ಮುಚ್ಚಿಟ್ಟೆ. ಆದರೆ ನಮ್ಮ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಸ್ಥಳೀಯ ಚುನಾವಣಾ ಕಾನೂನಿನ 13ನೇ ಕಲಮು ಬೇರೆಯದೇ ವಿಷಯ ಹೇಳುತ್ತದೆ. ಊರಿನಿಂದ ಸಂಬಳ ತಗೊಳ್ಳುವವನು ಅದೇ ಊರಿನ ಕೌನ್ಸಿಲ್ ಸದಸ್ಯನಾಗುವಂತಿಲ್ಲ. ಆಡಳಿತದ ಮೇಲೆ ಕಣ್ಣಿಡುವುದು ಕೌನ್ಸಿಲ್‌ನ ಕೆಲಸ, ನನ್ನ ಮೇಲೆ ನಾನೇ ಕಣ್ಣಿಡೋದು ಹೇಗೆ ಅಲ್ವಾ? ಚುನಾವಣೆಗೆ ನಿಲ್ಲೋದಕ್ಕೆ ಅಡ್ಡಿಯಿಲ್ಲ. ಕೂರಬೇಕು ಅಂದ್ರೆ ನೌಕರಿ ಮುಗಿದಿದೆ ಅಂತ ಕಾಗದ ತೋರಿಸಬೇಕು. ತಮಾಷೆ ಅಂದ್ರೆ, ಮುಖ್ಯವಾಗಿ ಮೈಮುರಿದು ದುಡಿಯುವ ನೌಕರರಿಗೆ ಈ ತಡೆಯಿಲ್ಲ. ಊರಿನ ಪಾರ್ಕಿನ ಮಾಲಿ ಕೂರಬಹುದು, ಲೆಕ್ಕದ ಗುಮಾಸ್ತ ಕೂರುವಂತಿಲ್ಲ.

ಕೌನ್ಸಿಲ್ ಸದಸ್ಯತ್ವ ಸಂಬಳದ ಕೆಲಸವಲ್ಲ, ಸಿಗೋದು ಭತ್ಯೆ ಅಷ್ಟೇ. ಮನೆಯ ಸಾಲ, ಸಣ್ಣ ಮಗು. ಸೀಟು ಬಿಟ್ಟೆ, ಪಟ್ಟಿಯಲ್ಲಿದ್ದ ಮುಂದಿನವರು ಹೋಗಿ ಕೂತರು. "ಖಜಾನೆಯಲ್ಲಿರೋ ನಿನಗೇ ಗೊತ್ತಿರಲಿಲ್ವಾ?" ಅಂತ ಪಕ್ಷದವರು ಮುಖ ತಿರುಗಿಸಿದರು. ಆಫೀಸಲ್ಲಿ ಯಾರೂ ಏನೂ ಅನ್ನಲಿಲ್ಲ, ಸುಮ್ನೆ ಬಜೆಟ್ ಸಭೆಗಳಿಗೆ ಕರೆಯೋದು ನಿಲ್ಲಿಸಿದರು. ಪ್ರಚಾರದಲ್ಲಿ ತೆರಿಗೆ ದರ ಏರಿಸಲ್ಲ ಅಂದವನ ಕೈಗೆ ದರ ಏರಿಸುವ ಕಡತ ಕೊಡ್ತಾರಾ? ಬರಬೇಕಿದ್ದ ಬಡ್ತಿ ಇನ್ನೊಬ್ಬರ ಪಾಲಾಯಿತು.

ಇನ್ನು ಕೌನ್ಸಿಲ್ ಸೀಟು ಕೆಮರರ್ ಕುರ್ಚಿಗೆ ಮೆಟ್ಟಿಲು ಅನ್ನೋ ನಿಮ್ಮ ಲೆಕ್ಕ. ನಾನು ಒಪ್ಪಲ್ಲ. ನಮ್ಮ ರಾಜ್ಯದ ದೊಡ್ಡ ಊರುಗಳಲ್ಲಿ ಕೆಮರರ್‌ನನ್ನು ಕೌನ್ಸಿಲ್ 8 ವರ್ಷಕ್ಕೆ ಆರಿಸುತ್ತದೆ, ಮೂರನೇ ಎರಡರಷ್ಟು ಮತ ಬಿದ್ದರೆ ನಡುವೆಯೇ ಕೆಳಗಿಳಿಸಲೂಬಹುದು. ಪಕ್ಷಗಳ ಚೌಕಾಸಿ ಖಂಡಿತ ಇರುತ್ತದೆ, ಅದಕ್ಕೆ ಪಕ್ಷದ ಕಾರ್ಡು ಸಾಕು. ಅಶೋಕ್ ಶ್ರೀಧರನ್ ಅವರನ್ನೇ ನೋಡಿ, ತಂದೆ ಭಾರತದವರು. ಕೋನಿಗ್ಸ್‌ವಿಂಟರ್ ಅನ್ನೋ ಸಣ್ಣ ಊರಲ್ಲಿ ಕೆಮರರ್ ಆಗಿದ್ದವರು, 2015ರಲ್ಲಿ ಪಕ್ಕದ ಬಾನ್ ನಗರಕ್ಕೆ ಮೇಯರ್ ಆದರು. ಮೊದಲು ಲೆಕ್ಕ, ಆಮೇಲೆ ಮತ. 2020ರಲ್ಲಿ ಸೋತರು, ಅದು ಬೇರೆ ಮಾತು. ಮೊದಲು ನಿಮ್ಮ ಊರಿನ ಸಾಲದ ಪಟ್ಟಿ ಓದೋದು ಕಲಿಯಿರಿ. ರೂರ್‌ನ ಎಸೆನ್ ನಗರ ಸ್ವಿಸ್ ಫ್ರಾಂಕ್‌ನಲ್ಲಿ ಸಾಲ ಎತ್ತಿತ್ತು, 2015ರ ಜನವರಿಯಲ್ಲಿ ಫ್ರಾಂಕ್ ದಿಢೀರ್ ಏರಿದಾಗ ಆ ಸಾಲ ಕೂತಲ್ಲೇ ಉಬ್ಬಿತು. ಅಂಥ ದಿನ ಕೌನ್ಸಿಲ್‌ಗೆ ಉತ್ತರ ಕೊಡಬೇಕಾದವನು ಕೆಮರರ್.

ಅಷ್ಟಾದರೂ ರಾಜಕೀಯ ಬೇಕೇ ಬೇಕು ಅಂದ್ರೆ ಮನೆ ಬದಲಿಸಿ, ಸಂಬಳ ಕೊಡುವ ಊರು ಬೇರೆ, ಚುನಾವಣೆಗೆ ನಿಲ್ಲುವ ಊರು ಬೇರೆ ಆಗಲಿ. ರೂರ್‌ನಲ್ಲಿ ಒಂದು ಊರು ಮುಗಿದು ಇನ್ನೊಂದು ಶುರುವಾಗೋದೇ ಗೊತ್ತಾಗಲ್ಲ. ನಾನು ಈಗ ಟ್ರಾಮ್‌ನಲ್ಲಿ 20 ನಿಮಿಷ ದೂರದ ಪಕ್ಕದೂರಲ್ಲಿದ್ದೀನಿ, ಸಂಬಳ ಹಳೇ ಊರಿನದು. ನೀವು ಯಾವ ರಾಜ್ಯ, ಮನೆ ಇರೋ ಊರೇ ಸಂಬಳ ಕೊಡೋದಾ? ಪ್ರಶ್ನೆಯಲ್ಲಿ ಅದನ್ನೇ ಬರೆದಿಲ್ಲವಲ್ಲ.