ಆರ್ ಅಂದರೆ ಬಲ ಅಲ್ವಾ?

ಪ್ರಶ್ನೆ: ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ ಸರ್. ಕೈರಲ್ ಅಣು, ಅಂದರೆ ತನ್ನ ಕನ್ನಡಿ ಬಿಂಬದ ಜೊತೆ ಹೊಂದದ ಅಣು, ಆರ್ (R) ಗುರುತಿನದಾಗಿದ್ದರೆ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ ಎಂದು ಬರೆದೆ. ಅಂಕ ಹೋಯಿತು. ಆರ್ ಅಂದರೆ ಬಲ ಅಲ್ವಾ? ಕನ್ನಡಿ ಬಿಂಬಗಳು ಒಂದರ ಮೇಲೊಂದು ಕೂರುವುದಿಲ್ಲ ಅನ್ನುವುದೂ ಹಾಳೆಯಲ್ಲಿ ಕಾಣುವುದಿಲ್ಲ.
– ವಿದ್ಯಾರ್ಥಿನಿ, ಮಲ್ಪೆ

ಉತ್ತರ: ಹಾಳೆಯಲ್ಲಿ ಯಾರಿಗೂ ಸುಲಭಕ್ಕೆ ಕಾಣುವುದಿಲ್ಲಮ್ಮ. ಅಡುಗೆಮನೆಗೆ ಹೋಗು. ಒಂದು ಬಟಾಟೆಗೆ ಹಿಡಿಸೂಡಿಯ ನಾಲ್ಕು ಕಡ್ಡಿ ಚುಚ್ಚು. ಮೂರು ಮುಕ್ಕಾಲಿಯ ಹಾಗೆ ಕೆಳಗೆ, ಒಂದು ಮೇಲೆ. ತುದಿಗಳಿಗೆ ದ್ರಾಕ್ಷಿ, ಬೆಳ್ಳುಳ್ಳಿ ಎಸಳು, ಗಾಂಧಾರಿ ಮೆಣಸು, ಬಿಂಬುಳಿ ಸಿಕ್ಕಿಸು. ಕನ್ನಡಿ ಎದುರಿಟ್ಟು, ಒಳಗೆ ಕಂಡ ಹಾಗೇ ಇನ್ನೊಂದು ಮಾಡು. ಹೇಗೆ ತಿರುಗಿಸಿದರೂ ಎರಡು ತುದಿ ಹೊಂದಿದರೆ ಉಳಿದೆರಡು ಅದಲುಬದಲು. ಈಗ ಎರಡರಲ್ಲೂ ಮೆಣಸು ತೆಗೆದು ಇನ್ನೊಂದು ದ್ರಾಕ್ಷಿ ಹಾಕು. ಸರಿಯಾಗಿ ಹೊಂದುತ್ತವೆ. ಬಟಾಟೆಯನ್ನು ಇಂಗಾಲದ ಪರಮಾಣು ಅಂದುಕೋ, ಕಡ್ಡಿಗಳು ಅದರ ಕೈ. ಇಂಗಾಲದ ನಾಲ್ಕು ಕೈಯಲ್ಲೂ ಬೇರೆ ಬೇರೆ ಗುಂಪು ಇರಬೇಕು ಅನ್ನುವುದು ಇದಕ್ಕೇ. ಆ ಕೈಗಳು ಚಪ್ಪಟೆಯಾಗಿ ಚಾಚಿಲ್ಲ ಎಂದು 1874ರಲ್ಲಿ ರಸಾಯನಶಾಸ್ತ್ರಜ್ಞರಾದ ವಾಂಟ್ ಹಾಫ್ ಮತ್ತು ಲ ಬೆಲ್ ಬೇರೆ ಬೇರೆಯಾಗಿ ಹೇಳಿದರು. ಕೈರಲ್ ಪದದ ಮೂಲವಾದ ಗ್ರೀಕಿನ ಖೈರ್ ಅಂದರೂ ಕೈಯೇ. ನಮ್ಮ ಕೈಯೂ ಅದರಲ್ಲಿ ಕೂತಿರುವುದು ನನಗೆ ಯಾವಾಗಲೂ ಖುಷಿ.

ಇನ್ನು ನಿನ್ನ ಆರ್. ಬಲಮುರಿ ಶಂಖ ಕೇಳಿದ್ದೀಯಲ್ವಾ? ಅದೇ ಶಂಖವನ್ನು ಪ್ರಾಣಿಶಾಸ್ತ್ರದವರು ಎಡಸುರುಳಿ ಅನ್ನುತ್ತಾರೆ. ನಾವು ಸುರುಳಿಯ ಮೊನೆ ಕೆಳಗೆ ಮಾಡಿ ನೋಡುತ್ತೇವೆ, ಬಾಯಿ ಬಲಕ್ಕೆ ಬರುತ್ತದೆ. ಅವರು ಮೊನೆ ಮೇಲೆ ಮಾಡುತ್ತಾರೆ, ಬಾಯಿ ಎಡಕ್ಕೆ. ಶಂಖ ಒಂದೇ, ಹಿಡಿಯುವ ಕ್ರಮ ಬೇರೆ. ಪಾಠ ಮಾಡುತ್ತಿದ್ದ ದಿನಗಳಲ್ಲಿ ನಿಮ್ಮೂರ ಕಡಲತೀರದಲ್ಲಿ ಹೆಕ್ಕಿದ ಚಿಪ್ಪೊಂದು ಇದಕ್ಕಾಗಿಯೇ ನನ್ನ ಜೇಬಿನಲ್ಲಿರುತ್ತಿತ್ತು.

ಆರ್, ಎಸ್ ಕೂಡ ಹಿಡಿಯುವ ಕ್ರಮದಿಂದ ಬಂದ ಹೆಸರು. ಕಾನ್, ಇಂಗೋಲ್ಡ್, ಪ್ರೆಲಾಗ್ ಎಂಬ ಮೂವರು ರಸಾಯನಶಾಸ್ತ್ರಜ್ಞರು ಮಾಡಿಕೊಟ್ಟ ನಿಯಮ ಅದು. ಪರಮಾಣು ಸಂಖ್ಯೆ ನೋಡಿ ನಾಲ್ಕಕ್ಕೂ ಸ್ಥಾನ ಕೊಡು. ಕಡೆಯದನ್ನು ನಿನ್ನಿಂದ ಆಚೆಗೆ ಹಿಡಿ. ಒಂದು, ಎರಡು, ಮೂರು ಗಡಿಯಾರದ ಮುಳ್ಳಿನ ಹಾಗೆ ಸುತ್ತಿದರೆ ಆರ್, ಎದುರು ದಿಕ್ಕಿಗೆ ಸುತ್ತಿದರೆ ಎಸ್. ಬೆಳಕು, ಅಂದರೆ ಅದರ ಕಂಪನದ ಸಮತಲ, ಯಾವ ಕಡೆ ತಿರುಗುತ್ತದೆ ಅನ್ನುವುದನ್ನು ಪೋಲಾರಿಮೀಟರ್ ಎಂಬ ಉಪಕರಣದಲ್ಲಿ ಅಳೆಯಬೇಕು. ಅದಕ್ಕೆ ಪ್ಲಸ್ (ಬಲ), ಮೈನಸ್ (ಎಡ) ಎಂಬ ಗುರುತು ಬೇರೆಯೇ ಇದೆ.

ಸ್ಪಿಯರ್‌ಮಿಂಟ್ ಪುದೀನದ ಘಮ ಆರ್ ಕಾರ್ವೋನ್ ಎಂಬ ಅಣುವಿನದು. ಆರ್ ಆದರೂ ಬೆಳಕನ್ನು ಎಡಕ್ಕೇ ತಿರುಗಿಸುತ್ತದೆ. ಅದರ ಕನ್ನಡಿ ಬಿಂಬ ಸಬ್ಬಸಿಗೆ ಬೀಜದಲ್ಲಿದೆ. ಅದು ಎಸ್, ತಿರುಗಿಸುವುದು ಬಲಕ್ಕೆ. ಎರಡೂ ಕುದಿಯುವ ಉಷ್ಣತೆ ಒಂದೇ. ಮೂಗು ಮಾತ್ರ ಬೇರೆ ಮಾಡುತ್ತದೆ, ಯಾಕೆಂದರೆ ವಾಸನೆ ಹಿಡಿಯುವ ಪ್ರೋಟೀನುಗಳೂ ಕೈರಲ್. ಬಲಗಾಲಿನ ಚಪ್ಪಲಿಗೆ ಎಡಗಾಲು ಸರಿ ಹೋಗುವುದಿಲ್ಲ ನೋಡು, ಹಾಗೆ. ಪುದೀನ ಎಲೆ ಒಂದು ಕೈಯಲ್ಲಿ, ಸಬ್ಬಸಿಗೆ ಬೀಜ ಇನ್ನೊಂದರಲ್ಲಿ ಉಜ್ಜಿ ಇವತ್ತೇ ಮೂಸಿ ನೋಡು.